ರೈತರ ಪ್ರಶ್ನೆಯಿಂದ ಶುರುವಾಗುವ ವೃತ್ತಿ: ಸುಸ್ಥಿರ ಕೃಷಿ, ಸಹಭಾಗಿ ಸಂಶೋಧನೆ ಮತ್ತು ಗ್ರಾಮ ಅನುವುಗಾರಿಕೆಗೆ ಬರುವವರಿಗೆ ಮಾರ್ಗದರ್ಶಿ

ಹಾವೇರಿ ಜಿಲ್ಲೆಯ ರೈತರು ರೂಢಿಸಿಕೊಂಡ ಗುಳಿ ರಾಗಿ ಪದ್ಧತಿಯ ಬಗ್ಗೆ ಕೃಷಿಯಲ್ಲಿ ಆಸಕ್ತಿಯಿರುವ ಅನೇಕರು ಕೇಳಿರುತ್ತಾರೆ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿ ಅಂತರದಲ್ಲಿ ಸಾಲು ಹೊಡೆದು, ಸಾಲುಗಳು ಕೂಡುವ ಕಡೆ ಒಂದು ಹಿಡಿ ಗೊಬ್ಬರ ಹಾಕಿ, 20ರಿಂದ 25 ದಿನದ ಸಸಿಗಳನ್ನು ಎರಡೆರಡರಂತೆ ನೆಡುತ್ತಾರೆ. ಸಸಿ ಬೇರು ಹಿಡಿದ ಮೇಲೆ ಸಾಲುಗಳ ನಡುವಿನ ಕಳೆ ತೆಗೆಯಲು ಎಡೆಕುಂಟೆ ಹೊಡೆಯುತ್ತಾರೆ. ಪೈರಿನ ಮೇಲೆ ಹಗುರವಾದ ಕೊರಡನ್ನು ಎಳೆದು ಅದನ್ನು ಬಾಗಿಸುತ್ತಾರೆ. ಬಾಗಿದ ಪೈರು ಬುಡದಿಂದ ಹೆಚ್ಚು ತೆಂಡೆ, ಅಂದರೆ ಮರಿ ಕವಲು, ಒಡೆಯುತ್ತದೆ. ಈ ಪದ್ಧತಿಯನ್ನು ಯಾವ ಪ್ರಯೋಗಾಲಯವೂ ಕಂಡುಹಿಡಿಯಲಿಲ್ಲ. ಹೊರಗಿನಿಂದ ಹೋದವರು ಮಾಡಿದ ಕೆಲಸವೆಂದರೆ ಅದನ್ನು ಗಮನಿಸಿದ್ದು, ತೆಂಡೆ ಎಣಿಸಿ ಇಳುವರಿ ತೂಗಿ ದಾಖಲಿಸಿದ್ದು, ಬೇರೆ ಊರುಗಳ ರೈತರು ತಮ್ಮ ಹೊಲದಲ್ಲಿ ಪರೀಕ್ಷಿಸಿ ನೋಡಲು ದಾರಿ ಮಾಡಿಕೊಟ್ಟದ್ದು. ಈ ಲೇಖನ ಹೇಳಹೊರಟಿರುವ ವೃತ್ತಿಯ ತಿರುಳು ಇಷ್ಟೇ: ಬೆಳೆ ಮತ್ತು ಮಣ್ಣಿನ ಜ್ಞಾನ, ರೈತರ ಜೊತೆ ಕೂಡಿ ಸಂಶೋಧನೆ ಮಾಡುವ ಶಿಸ್ತು, ಜನರು ತಾವೇ ಕೂಡಿ ತೀರ್ಮಾನಿಸುವಂತೆ ಅನುವು ಮಾಡಿಕೊಡುವ ಕಲೆ.

ಕೃಷಿ ಅಥವಾ ತೋಟಗಾರಿಕೆ ಪದವಿ ಮುಗಿಸುತ್ತಿರುವವರು, ಸಮಾಜಕಾರ್ಯ ಓದಿದವರು, ಪಿಯುಸಿ ಮುಗಿಸಿ ಊರಲ್ಲೇ ಉಳಿದು ಏನಾದರೂ ಮಾಡಬೇಕೆಂದಿರುವವರು, ನಗರದ ಕೆಲಸ ಬಿಟ್ಟು ಹಳ್ಳಿಯತ್ತ ಹೊರಡಬೇಕೆನ್ನುವವರು, ಈ ನಾಲ್ಕೂ ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಉದಾಹರಣೆಗಳಲ್ಲಿ ಹೆಚ್ಚಿನವು ನಾನು ಕೆಲಸ ಮಾಡಿ ಬಲ್ಲ ಬಯಲುಸೀಮೆಯ ಮಳೆಯಾಶ್ರಿತ ಬೇಸಾಯದವು.

ಮೊದಲು ಕೆಲಸವೇನೆಂದು ತಿಳಿದುಕೊಳ್ಳಿ

2009ರಲ್ಲಿ ಕರ್ನಾಟಕ ಸರ್ಕಾರವು ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಹೈದರಾಬಾದಿನ ಇಕ್ರಿಸ್ಯಾಟ್ ಜೊತೆಗೂಡಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಹಳ್ಳಿಯ ಮಟ್ಟದಲ್ಲಿ ಕೆಲಸ ಮಾಡಿದವರನ್ನು ‘ರೈತ ಅನುವುಗಾರರು’ ಎಂದು ಕರೆಯಲಾಯಿತು. ಸತು, ಬೋರಾನ್, ಗಂಧಕದ ಕೊರತೆಯಿರುವ ಹೊಲಗಳ ಮಣ್ಣಿನ ಮಾಹಿತಿಯನ್ನು ರೈತರ ಮನೆಬಾಗಿಲಿಗೆ ಒಯ್ದವರು ಅವರೇ. ಹೆಸರು ನನಗೆ ಬಹಳ ಇಷ್ಟವಾದದ್ದು. ಅನುವು ಮಾಡಿಕೊಡುವುದೆಂದರೆ ದಾರಿ ಸುಗಮಗೊಳಿಸುವುದು, ಕೈಹಿಡಿದು ಎಳೆದೊಯ್ಯುವುದಲ್ಲ.

ಕೃಷಿ ವಿಸ್ತರಣೆಯ ಹಳೆಯ ಕ್ರಮದಲ್ಲಿ ಶಿಫಾರಸು ಮೇಲಿನಿಂದ ಬರುತ್ತದೆ, ಕಾರ್ಯಕರ್ತ ಅದನ್ನು ತಲುಪಿಸುತ್ತಾನೆ, ರೈತ ಪಾಲಿಸುತ್ತಾನೆ ಅಥವಾ ಪಾಲಿಸುವುದಿಲ್ಲ. ಅನುವುಗಾರಿಕೆಯಲ್ಲಿ ಪ್ರಶ್ನೆ ರೈತರಿಂದ ಬರುತ್ತದೆ. ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ರೈತ ಕ್ಷೇತ್ರ ಪಾಠಶಾಲೆಯಲ್ಲಿ. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕೀಟನಾಶಕ ಹೆಚ್ಚು ಹೊಡೆದಷ್ಟೂ ಕಂದು ಜಿಗಿಹುಳುವಿನ ಹಾವಳಿ ಹೆಚ್ಚುತ್ತಿತ್ತು, ಏಕೆಂದರೆ ಅದನ್ನು ತಿನ್ನುವ ಜೇಡ ಮತ್ತಿತರ ಮಿತ್ರಕೀಟಗಳು ಮೊದಲು ಸಾಯುತ್ತಿದ್ದವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ರೈತರು ವಾರಕ್ಕೊಮ್ಮೆ ಗದ್ದೆಗಿಳಿದು ಹುಳುಗಳನ್ನು ತಾವೇ ಎಣಿಸಿ, ಚಿತ್ರ ಬರೆದು, ಔಷಧಿ ಹೊಡೆಯಬೇಕೇ ಬೇಡವೇ ಎಂದು ತಾವೇ ನಿರ್ಧರಿಸುತ್ತಿದ್ದರು. ಮೇಷ್ಟರ ಕೆಲಸ ಉತ್ತರ ಹೇಳುವುದಾಗಿರಲಿಲ್ಲ. ‘ಈ ಹುಳು ಏನು ತಿನ್ನುತ್ತದೆ?’ ಎಂದು ಕೇಳಿದಾಗ ‘ಒಂದು ಡಬ್ಬಿಯಲ್ಲಿ ಹಾಕಿ ನೋಡೋಣವೇ?’ ಎನ್ನುವುದಾಗಿತ್ತು. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ನಿಮಗೆ ಒಗ್ಗುತ್ತದೆಯೇ ಎಂದು ಈಗಲೇ ಯೋಚಿಸಿ. ಒಗ್ಗದಿದ್ದರೆ ಬೋಧನೆ, ಪ್ರಯೋಗಾಲಯದ ಸಂಶೋಧನೆ, ಕೃಷಿ ಉದ್ಯಮ ಮೊದಲಾದ ಗೌರವದ ದಾರಿಗಳು ಬೇರೆ ಇವೆ.

ಓದಿನ ದಾರಿ

ಪಿಯುಸಿ ವಿಜ್ಞಾನ ಓದುತ್ತಿರುವವರಿಗೆ ನೇರ ದಾರಿ ನಾಲ್ಕು ವರ್ಷದ ಕೃಷಿ ಅಥವಾ ತೋಟಗಾರಿಕೆ ಪದವಿ. ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇವುಗಳಿಗೆ ಸಿಇಟಿ ಮೂಲಕ ಪ್ರವೇಶವಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರವನ್ನು ಅನೇಕ ವಿದ್ಯಾರ್ಥಿಗಳು ಸಮಾರಂಭಗಳಲ್ಲೇ ಕಳೆದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಈ ವೃತ್ತಿಗೆ ನೀವು ತಕ್ಕವರೇ ಎಂಬುದನ್ನು ಖರ್ಚಿಲ್ಲದೆ ಪರೀಕ್ಷಿಸಿಕೊಳ್ಳಲು ಸಿಗುವ ಮೊದಲ ಅವಕಾಶ ಅದು.

ಕಲಾ ಅಥವಾ ವಾಣಿಜ್ಯ ವಿಭಾಗದವರು ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಕೋರ್ಸುಗಳು, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ, ಗುಜರಾತಿನ ಆಣಂದದಲ್ಲಿ 1979ರಲ್ಲಿ ಆರಂಭವಾದ ಗ್ರಾಮೀಣ ನಿರ್ವಹಣೆಯ ಶಿಕ್ಷಣ ಸಂಸ್ಥೆ ಇರ್ಮಾ ಇವನ್ನು ಪರಿಶೀಲಿಸಬಹುದು. ಇವರು ಬೆಳೆಶಾಸ್ತ್ರವನ್ನು ಹೊಲದಲ್ಲಿ ಕಲಿಯಬೇಕು. ಕೃಷಿ ಪದವೀಧರರು ಜನರ ಜೊತೆಗಿನ ವ್ಯವಹಾರವನ್ನು ಊರಲ್ಲಿ ಕಲಿಯಬೇಕು. ನಾನು ಕಂಡಂತೆ ಎರಡನೆಯದೇ ಕಷ್ಟ.

ಪದವಿಯಿಲ್ಲದವರಿಗೂ ಬಾಗಿಲು ತೆರೆದಿದೆ. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಊರಿನವರಿಗೆ ಬೇಸಾಯದಲ್ಲಿ ನೆರವಾಗುವ ಕೃಷಿ ಸಖಿ, ಪಶುಪಾಲನೆಯಲ್ಲಿ ನೆರವಾಗುವ ಪಶು ಸಖಿಯರಾಗಿ ತರಬೇತಿ ಪಡೆಯುವ ಅವಕಾಶ ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯಡಿ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಅಭಿಯಾನವು 15,000 ಕ್ಲಸ್ಟರುಗಳಲ್ಲಿ ಒಂದು ಕೋಟಿ ರೈತರನ್ನು ತಲುಪುವ ಗುರಿಯಿಟ್ಟು, ಅದಕ್ಕಾಗಿ 30,000 ಕೃಷಿ ಸಖಿಯರು ಮತ್ತು ಸಮುದಾಯ ಸಂಪನ್ಮೂಲ ವ್ಯಕ್ತಿಗಳನ್ನು ನಿಯೋಜಿಸುವ ಯೋಜನೆ ಹಾಕಿಕೊಂಡಿದೆ. ಊರಿನವರೇ ಆದ ಒಬ್ಬ ಕೃಷಿ ಸಖಿ ಹತ್ತು ವರ್ಷ ಅದೇ ಊರಲ್ಲಿ ಇರುತ್ತಾಳೆ ಎಂಬುದು ಯಾವ ಸ್ನಾತಕೋತ್ತರ ಪದವಿಗೂ ಇಲ್ಲದ ಅರ್ಹತೆ.

ಒಂದು ಊರು, ಒಂದು ಪೂರ್ತಿ ವರ್ಷ

ಓದು ಮುಗಿದ ಕೂಡಲೇ ಜಿಲ್ಲಾ ಮಟ್ಟದ ಹುದ್ದೆ ಸಿಕ್ಕರೂ ಅದನ್ನು ಒಪ್ಪಿಕೊಳ್ಳುವ ಮುನ್ನ ಯೋಚಿಸಿ ಎಂದು ಕಿರಿಯರಿಗೆ ನಾನು ಒತ್ತಾಯದಿಂದ ಹೇಳುತ್ತೇನೆ. ಒಂದೇ ಊರಿನ ಸುತ್ತ ಒಂದು ಪೂರ್ತಿ ಬೇಸಾಯದ ವರ್ಷ, ಮುಂಗಾರು ಪೂರ್ವದ ಮಾಗಿ ಉಳುಮೆಯಿಂದ ಸುಗ್ಗಿಯ ಕಣದವರೆಗೆ, ಕಳೆಯದವರಿಗೆ ಮುಂದೆ ಕಾಗದದ ಮೇಲಿನ ಯೋಜನೆ ನಿಜವೋ ಸುಳ್ಳೋ ಎಂದು ಗುರುತಿಸಲಾಗುವುದಿಲ್ಲ. ಕಳೆ ಕೀಳುವ ವಾರದಲ್ಲಿ ತರಬೇತಿ ಇಟ್ಟರೆ ಹೆಂಗಸರು ಬರುವುದಿಲ್ಲ ಎಂಬುದು ಕಣ್ಣಾರೆ ಕಂಡವರಿಗೆ ಮಾತ್ರ ಹೊಳೆಯುತ್ತದೆ.

ಇಂಥ ಕ್ಷೇತ್ರ ಅನುಭವ ಕೊಡುವ ಸಂಸ್ಥೆಗಳಲ್ಲಿ ಹಳೆಯವು ಹಲವಿವೆ. 1968ರಲ್ಲಿ ಆರಂಭವಾದ ಮೈರಾಡ, ಸ್ವಸಹಾಯ ಸಂಘಗಳ ಕಲ್ಪನೆಯನ್ನು ದೇಶಕ್ಕೆ ಕೊಟ್ಟವರಲ್ಲಿ ಮೊದಲಿಗರು. ಅದರ ಕೆಲಸದ ಹಿನ್ನೆಲೆಯಲ್ಲಿಯೇ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. 1967ರಲ್ಲಿ ಮಣಿಭಾಯಿ ದೇಸಾಯಿಯವರು ಪುಣೆಯ ಬಳಿ ಕಟ್ಟಿದ ಬೈಫ್, ತಿಪಟೂರಿನ ಸುತ್ತ ಮರಗಿಡ ಆಧಾರಿತ ಬೇಸಾಯದಲ್ಲಿ ದೀರ್ಘಕಾಲ ಕೆಲಸ ಮಾಡಿದೆ. ಬೆಂಗಳೂರಿನ ಎಎಂಇ ಪ್ರತಿಷ್ಠಾನ ಕ್ಷೇತ್ರ ಪಾಠಶಾಲೆಗಳಿಗೆ ಹೆಸರಾಗಿದೆ. ದೇಸಿ ಬೀಜಗಳಲ್ಲಿ ಆಸಕ್ತಿಯಿದ್ದವರಿಗೆ ಸಹಜ ಸಮೃದ್ಧವಿದೆ. ಚಾಮರಾಜನಗರ ಜಿಲ್ಲೆಯ ಅಮೃತ ಭೂಮಿ ರೈತ ಚಳವಳಿಯ ಒಡಲಿನಿಂದಲೇ ಹುಟ್ಟಿದ ಕಲಿಕೆಯ ತಾಣ. ರಾಜ್ಯದ ಹೊರಗೆ ಹೋಗಬಲ್ಲವರು 1983ರಲ್ಲಿ ಆರಂಭವಾದ ಪ್ರದಾನ್ ಸಂಸ್ಥೆಯನ್ನು ನೋಡಬಹುದು. ನಮ್ಮ ಬೀದರಿನ ಗಡಿಗೆ ಅಂಟಿಕೊಂಡಂತಿರುವ ಜಹೀರಾಬಾದಿನಲ್ಲಿ ಮೈಸೂರಿನವರಾದ ಪಿ.ವಿ. ಸತೀಶ್ ಕಟ್ಟಿ ಬೆಳೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ ಒಮ್ಮೆಯಾದರೂ ಹೋಗಿ ಬರಬೇಕು. ಅಲ್ಲಿನ ದಲಿತ ಮಹಿಳೆಯರ ಸಂಘಗಳು ಸಿರಿಧಾನ್ಯಗಳ ಬೀಜ ಉಳಿಸಿದ್ದಲ್ಲದೆ 2008ರಿಂದ ತಮ್ಮದೇ ಸಮುದಾಯ ರೇಡಿಯೊವನ್ನೂ ನಡೆಸಿಕೊಂಡು ಬಂದಿವೆ.

ಆ ವರ್ಷ ಒಂದು ದಪ್ಪ ನೋಟುಪುಸ್ತಕ ಇಡಿ. ದಿನಾಂಕದ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯಿರಿ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿಯಿಂದ ಆರಂಭಿಸಿ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ಬದಲಾಗುತ್ತದೆ. ಹಿರಿಯ ರೈತರ ನೆನಪೆಲ್ಲ ಈ ಲೆಕ್ಕದಲ್ಲಿಯೇ ಇರುವುದು. ‘ಜುಲೈ ಮೊದಲ ವಾರ ಮಳೆ ಹೇಗಿತ್ತು?’ ಎಂದರೆ ಉತ್ತರ ಮಸುಕಾಗಿರುತ್ತದೆ. ‘ಆರಿದ್ರಾ ಹೇಗಾಯಿತು?’ ಎಂದರೆ ಹತ್ತು ವರ್ಷದ ಕಥೆ ಬರುತ್ತದೆ. ಜೊತೆಗೆ ಒಂದು ಮಳೆಮಾಪಕ ಕೊಂಡು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 10 ಮಿಲಿಮೀಟರ್ ಬಿದ್ದರೆ ಒಂದು ಎಕರೆಗೆ ಸುಮಾರು 40,000 ಲೀಟರ್. ಈ ಲೆಕ್ಕವನ್ನು ರೈತರ ಮುಂದೆ ಒಮ್ಮೆ ಮಾಡಿ ತೋರಿಸಿದರೆ ಬದುವಿನ ಮಾತು ತಾನಾಗಿ ಶುರುವಾಗುತ್ತದೆ.

ಊರನ್ನು ಊರಿನವರಿಂದಲೇ ಓದುವುದು

ಸಹಭಾಗಿ ಗ್ರಾಮ ಸಮೀಕ್ಷೆ, ಎಲ್ಲರ ಬಾಯಲ್ಲಿರುವಂತೆ ಪಿಆರ್‌ಎ, ಈ ವೃತ್ತಿಯ ಮುಖ್ಯ ಹತ್ಯಾರು. ಅದರ ಇತಿಹಾಸದಲ್ಲಿ ಕರ್ನಾಟಕಕ್ಕೆ ಪಾಲಿದೆ. 1980ರ ದಶಕದ ಕೊನೆಯಲ್ಲಿ ಗುಜರಾತಿನ ಆಗಾ ಖಾನ್ ಗ್ರಾಮೀಣ ಕಾರ್ಯಕ್ರಮ ಮತ್ತು ನಮ್ಮಲ್ಲಿ ಮೈರಾಡ ಈ ವಿಧಾನವನ್ನು ಹಳ್ಳಿಗಳಲ್ಲಿ ಬೆಳೆಸಿದವು. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಅದನ್ನು ಜಗತ್ತಿಗೆ ಪರಿಚಯಿಸಿದರು. ಅಕ್ಷರ ಬಾರದವರೂ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಹುಣಸೆ ಬೀಜಗಳಿಂದ ತಮ್ಮ ಊರಿನ ನಕ್ಷೆ ಬಿಡಿಸಬಲ್ಲರು, ಬಿಡಿಸಿದ್ದನ್ನು ಎಲ್ಲರೂ ಸುತ್ತ ನಿಂತು ತಿದ್ದಬಲ್ಲರು ಎಂಬುದೇ ಅದರ ಮೂಲ ಹೊಳಹು.

ಕಲಿಯುವ ಕ್ರಮ ಹೀಗಿರಲಿ. ಮೊದಲು ಊರು ಸುತ್ತುವ ನಡಿಗೆ. ಎತ್ತರದ ಕಲ್ಲುಭೂಮಿಯಿಂದ ಕೆರೆಯ ಅಂಗಳದವರೆಗೆ ಮೂರು ನಾಲ್ಕು ಜನ ರೈತರ ಜೊತೆ ನಿಧಾನವಾಗಿ ನಡೆಯಿರಿ. ಎಲ್ಲೆಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆಯೋ ಅಲ್ಲಲ್ಲಿ ನಿಂತು ಆ ಮಣ್ಣಿಗೆ ಊರವರು ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಿ. ಅದಾದ ಮೇಲೆ ನಕ್ಷೆ, ನಂತರ ಋತುಮಾನದ ಪಟ್ಟಿ: ಯಾವ ಮಳೆಯಲ್ಲಿ ಯಾವ ಕೆಲಸ, ಯಾವಾಗ ಸಾಲ, ಯಾವಾಗ ಮೇವಿನ ಕೊರತೆ, ಯಾವಾಗ ಗುಳೆ. ಕೊನೆಯಲ್ಲಿ, ನಂಬಿಕೆ ಬೆಳೆದ ಮೇಲೆ ಮಾತ್ರ, ಮನೆಗಳ ಸ್ಥಿತಿಗತಿಯ ವಿಂಗಡಣೆ. ಯಾರು ಬಡವರು ಎಂಬ ಪ್ರಶ್ನೆಯನ್ನು ಹತ್ತು ಜನರ ಮುಂದೆ ಮೊದಲ ದಿನವೇ ಕೇಳುವುದು ಅವಮಾನ.

ಪುಸ್ತಕಗಳು ಒತ್ತಿ ಹೇಳದ ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕು. ನಕ್ಷೆಯನ್ನು ದೇವಸ್ಥಾನದ ಕಟ್ಟೆಯ ಮುಂದೆ ಮಾತ್ರ ಬಿಡಿಸಿದರೆ ದಲಿತರ ಕಾಲೊನಿ ನಕ್ಷೆಯ ಅಂಚಿನಲ್ಲಿ ಒಂದು ಚುಕ್ಕೆಯಾಗಿಬಿಡುತ್ತದೆ, ಅಥವಾ ಬರುವುದೇ ಇಲ್ಲ. ಅದೇ ನಕ್ಷೆಯನ್ನು ಕಾಲೊನಿಯಲ್ಲಿ ಬಿಡಿಸಿದಾಗ ಬಾವಿ, ಸ್ಮಶಾನದ ದಾರಿ, ಬೀಳುಬಿದ್ದ ಬಗರ್‌ಹುಕುಂ ಜಮೀನು ಎದ್ದು ಕಾಣುತ್ತವೆ. ಆದ್ದರಿಂದ ಕನಿಷ್ಠ ಮೂರು ಕಡೆ ಬಿಡಿಸಿ, ಹೆಂಗಸರೊಂದಿಗೆ ಪ್ರತ್ಯೇಕವಾಗಿ ಬಿಡಿಸಿ, ಮೂರನ್ನೂ ಹೋಲಿಸಿ. ಹೆಂಗಸರ ಸಭೆಯ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಕರೆದರೆ ಬಂದವರೂ ಅರ್ಧಕ್ಕೆ ಏಳುತ್ತಾರೆ. ನೆಲದ ನಕ್ಷೆಯನ್ನು ಕಾಗದಕ್ಕೆ ಇಳಿಸಿದ ಮೇಲೆ ಒಂದು ಪ್ರತಿ ಊರಿನಲ್ಲೇ ಉಳಿಯಬೇಕು. ಜನರು ಮೂರು ಗಂಟೆ ಕೂತು ಮಾಡಿದ್ದನ್ನು ಫೋಟೊ ಹೊಡೆದು ಕೊಂಡೊಯ್ದು ಮತ್ತೆ ಆ ಊರಿನತ್ತ ತಿರುಗಿ ನೋಡದ ತಂಡಗಳನ್ನು ನಾನು ಕಂಡಿದ್ದೇನೆ. ಆ ಊರಲ್ಲಿ ಮುಂದಿನವರಿಗೆ ಯಾರೂ ಬಾಯಿ ಬಿಡುವುದಿಲ್ಲ.

ರೈತರ ಹೊಲದಲ್ಲಿ ಪ್ರಯೋಗ

ಇಡೀ ಲೇಖನದಲ್ಲಿ ನಾನು ಹೆಚ್ಚು ಜಾಗ ಕೊಡಬೇಕಾದದ್ದು ಇದಕ್ಕೆ, ಏಕೆಂದರೆ ಹೊಸಬರು ಹೆಚ್ಚು ಎಡವುವುದು ಇಲ್ಲಿ.

ವೃತ್ತಿಯ ಆರಂಭದ ವರ್ಷಗಳಲ್ಲಿ ನಾವು ಬೇಗ ಮಾಗುವ ಒಂದು ರಾಗಿ ತಳಿಯನ್ನು ಹಲವರ ಹೊಲದಲ್ಲಿ ಹಾಕಿಸಿದೆವು. ಕಾಳಿನ ತೂಕ ಚೆನ್ನಾಗಿ ಬಂತು, ವರದಿ ಬರೆದೆವು. ಮರುವರ್ಷ ಒಬ್ಬರೂ ಆ ಬೀಜ ಬಿತ್ತಲಿಲ್ಲ. ಕಾರಣ ಕೇಳಿದಾಗ ಒಬ್ಬ ಹಿರಿಯ ಹೆಂಗಸು, ‘ಕಾಳೇನೋ ಬಂತು ಕಣಪ್ಪ, ದನಕ್ಕೇನು ಹಾಕಾನ?’ ಎಂದರು. ಪೈರು ಗಿಡ್ಡ, ಹುಲ್ಲು ಕಡಿಮೆ. ನಾವು ಹುಲ್ಲನ್ನು ತೂಗಿರಲೇ ಇಲ್ಲ. ರಾಗಿಯೆಂದರೆ ಅರ್ಧ ಕಣಜ, ಅರ್ಧ ಬಣವೆ ಎಂಬುದು ಆ ಊರಿನ ಪ್ರತಿ ಮನೆಗೂ ಗೊತ್ತಿತ್ತು. ಪ್ರಶ್ನೆ ನಮ್ಮದಾಗಿದ್ದರಿಂದ ಅಳತೆಯೂ ನಮ್ಮದೇ ಆಯಿತು.

ಹಾಗಾಗಿ ಮೊದಲ ನಿಯಮ: ಏನನ್ನು ಅಳೆಯಬೇಕೆಂದು ರೈತರೇ ಹೇಳಬೇಕು. ಬೇಸಿಗೆಯಲ್ಲಿ ಸಭೆ ಸೇರಿಸಿ, ಒಳ್ಳೆಯ ರಾಗಿ ಎಂದರೆ ಏನು ಎಂದು ಕೇಳಿ. ಕಾಳು, ಹುಲ್ಲು, ಮುದ್ದೆಯ ರುಚಿ, ಕಾಳು ಉದುರದಿರುವುದು, ಬೆಂಕಿರೋಗ ತಾಳುವುದು ಎಂದು ಪಟ್ಟಿ ಬೆಳೆಯುತ್ತದೆ. ಪ್ರತಿ ಗುಣದ ಮುಂದೆ ತಮಗೆ ಬೇಕಾದಷ್ಟು ಹುಣಸೆ ಬೀಜ ಇಡಲು ಹೇಳಿ. ಗಂಡಸರ ಮತ್ತು ಹೆಂಗಸರ ಬೀಜಗಳನ್ನು ಬೇರೆಬೇರೆ ಎಣಿಸಿ. ನಿಮ್ಮ ದಾಖಲೆ ಪುಸ್ತಕದ ಕಾಲಂಗಳು ಅಲ್ಲಿಂದ ಬರಬೇಕು.

ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ತಳಿಯನ್ನೂ ಅಂತರವನ್ನೂ ಗೊಬ್ಬರವನ್ನೂ ಒಟ್ಟಿಗೆ ಬದಲಾಯಿಸಿದರೆ ಇಳುವರಿ ಏರಿದ್ದು ಯಾವುದರಿಂದ ಎಂದು ಯಾರಿಗೂ ತಿಳಿಯದು. ಪ್ರತಿ ರೈತನ ಹೊಲದಲ್ಲಿ ಒಂದೇ ಬಗೆಯ ಮಣ್ಣಿನ ಎರಡು ತಾಕು ಗುರುತಿಸಿ: ಒಂದರಲ್ಲಿ ಹೊಸ ಕ್ರಮ, ಇನ್ನೊಂದರಲ್ಲಿ ಆ ರೈತನ ರೂಢಿಯ ಕ್ರಮ. ಯಾವ ತಾಕಿಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಇಲ್ಲದಿದ್ದರೆ ಅತಿಥಿಗೆ ಒಳ್ಳೆಯದನ್ನು ಬಡಿಸುವ ಮರ್ಯಾದೆಯಿಂದ ರೈತರು ಫಲವತ್ತಾದ ಮೂಲೆಯನ್ನೇ ನಿಮ್ಮ ಪ್ರಯೋಗಕ್ಕೆ ಬಿಟ್ಟುಕೊಡುತ್ತಾರೆ. ತಾಕಿನ ಅಳತೆಗೆ ಒಂದು ಗುಂಟೆ ಬಹಳ ಅನುಕೂಲ. 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಬಂದ ತೂಕವನ್ನು 40ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ, ಕಣದಲ್ಲೇ ಎಲ್ಲರೂ ಬಾಯಿಲೆಕ್ಕ ಮಾಡಬಹುದು. ಬದುವಿನ ಮತ್ತು ಮರದ ನೆರಳಿನ ಜಾಗ ಬಿಡಿ. ಸೇರು, ಬಳ್ಳ, ಪಲ್ಲದ ಅಳತೆ ಊರಿಂದೂರಿಗೆ ಬೇರೆಯಾಗುವುದರಿಂದ ತಕ್ಕಡಿ ನಿಮ್ಮ ಜೊತೆಗಿರಲಿ.

ಮೂರನೆಯದು ರೈತರ ಸಂಖ್ಯೆ. ಒಬ್ಬ ಪ್ರಗತಿಪರ ರೈತನ ಹೊಲದ ಯಶಸ್ಸು ಪತ್ರಿಕೆಯ ಸುದ್ದಿಯಾಗಬಹುದು, ಪುರಾವೆಯಾಗದು. ಕನಿಷ್ಠ 12 ಜನ ಇರಲಿ. ಅವರಲ್ಲಿ ಸಣ್ಣ ಹಿಡುವಳಿಯವರು, ಒಂಟಿ ಹೆಂಗಸರು, ಎತ್ತಿಲ್ಲದವರೂ ಇರಲಿ. ಸುಗ್ಗಿಯಲ್ಲಿ 12ರಲ್ಲಿ 7 ಹೊಲಗಳಲ್ಲಿ ಹೊಸ ಕ್ರಮ ಗೆದ್ದರೆ ಹಿಗ್ಗಬೇಡಿ. ನಾಣ್ಯವನ್ನು 12 ಸಲ ಚಿಮ್ಮಿದರೂ ಮೊದಲೇ ಆರಿಸಿಕೊಂಡ ಮುಖ 7 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವುದು ನೂರಕ್ಕೆ ಮೂವತ್ತೆಂಟು ಸಲಕ್ಕೂ ಹೆಚ್ಚು. 10 ಅಥವಾ ಹೆಚ್ಚು ಹೊಲಗಳಲ್ಲಿ ಗೆದ್ದರೆ ಮಾತು ಬೇರೆ. ಅದು ಬರೀ ಅದೃಷ್ಟದಿಂದ ನೂರಕ್ಕೆ ಎರಡು ಸಲ ಮಾತ್ರ ಆಗುವಂಥದ್ದು. ಈ ಒಂದು ಲೆಕ್ಕವನ್ನು ನಿಜವಾಗಿ ನಾಣ್ಯ ಚಿಮ್ಮಿಯೇ ರೈತರಿಗೆ ತೋರಿಸಬಹುದು. ಅವರು ಬೇಗ ಗ್ರಹಿಸುತ್ತಾರೆ. ಹಾಗೆಯೇ ಸೋತ ಎರಡು ಹೊಲಗಳಿಗೆ ಎಲ್ಲರೂ ಕೂಡಿ ಹೋಗಿ. ಮಣ್ಣು ತೆಳುವಾಗಿತ್ತೇ, ಬಿತ್ತನೆ ತಡವಾಯಿತೇ? ಸೋಲಿನ ಹೊಲದಲ್ಲಿ ನಡೆಯುವ ಚರ್ಚೆಯೇ ಅನೇಕ ಸಲ ಮುಂದಿನ ವರ್ಷದ ಪ್ರಶ್ನೆಯನ್ನು ಕೊಡುತ್ತದೆ.

ನಾಲ್ಕನೆಯದು ನಷ್ಟದ ಹೊಣೆ. ಒಂದು ಗುಂಟೆಯ ಬೆಳೆ ಹೋದರೂ ಕೆಲವು ಮನೆಗಳಿಗೆ ಅದು ದೊಡ್ಡದು. ಪ್ರಯೋಗದ ತಾಕಿನಲ್ಲಿ ರೂಢಿಗಿಂತ ಕಡಿಮೆ ಬಂದರೆ ವ್ಯತ್ಯಾಸವನ್ನು ಯಾರು ತುಂಬಬೇಕು ಎಂಬುದನ್ನು ಬಿತ್ತನೆಗೆ ಮುಂಚೆಯೇ ಮಾತಾಡಿ, ಬರೆದಿಡಿ.

ಐದನೆಯದಾಗಿ, ಫಲಿತಾಂಶ ಮೊದಲು ಊರಿಗೆ, ಆಮೇಲೆ ಕಚೇರಿಗೆ. ಪ್ರತಿ ರೈತನ ಹೆಸರಿನ ಮುಂದೆ ಎರಡು ತಾಕಿನ ಕಾಳು ಮತ್ತು ಹುಲ್ಲಿನ ತೂಕ ಬರೆದ ದೊಡ್ಡ ಹಾಳೆಯನ್ನು ಸಭೆಯಲ್ಲಿ ಓದಿ. ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ಮುಂದೆ ಲೇಖನವಾಗಿ ಪ್ರಕಟಿಸುವುದಾದರೆ ಬೀಜ ಮತ್ತು ಜ್ಞಾನ ಯಾರದ್ದೆಂದು ಸ್ಪಷ್ಟವಾಗಿ ಹೇಳಿ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿ ಬೆಳೆಯುವ ಕಗ್ಗ ಭತ್ತದಂಥ ತಳಿಯನ್ನು ಆರಿಸಿ ಉಳಿಸಿದವರು ಅಲ್ಲಿನ ರೈತರು. ರೈತರ ತಳಿಗಳಿಗೆ ಕಾನೂನಿನ ಮಾನ್ಯತೆ ಕೊಡುವ, ಬೀಜ ಉಳಿಸಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಕಾಯುವ 2001ರ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಈ ವೃತ್ತಿಯವರು ಓದಿಯೇ ಇರಬೇಕು.

ಸುಸ್ಥಿರ ಕೃಷಿಯಲ್ಲಿ ಹಲವು ಪಂಥಗಳಿವೆ: ಸಾವಯವ, ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿ, ಹೊರಗಿನ ಗೊಬ್ಬರ, ಔಷಧಿಯಂಥ ಒಳಸುರಿ ಕಡಿಮೆ ಮಾಡುವ ಬೇಸಾಯ. ನನಗೂ ಒಲವುಗಳಿವೆ. ಆದರೆ ನೈಸರ್ಗಿಕ ಕೃಷಿಯವರು ಸಗಣಿ, ಗಂಜಲ, ಬೆಲ್ಲಗಳಿಂದ ಮಾಡುವ ಜೀವಾಮೃತ ಹಾಕಿದ ತಾಕಿನಲ್ಲಿ ಇಳುವರಿ ಕಡಿಮೆ ಬಂದರೆ ಹಾಗೆಯೇ ಬರೆಯಬೇಕು, ಖರ್ಚು ಎಷ್ಟು ಉಳಿಯಿತೆಂಬುದನ್ನೂ ಬರೆಯಬೇಕು. ನಮ್ಮ ನಂಬಿಕೆಯ ಬೆಲೆಯನ್ನು ರೈತ ತೆರುವಂತಾಗಬಾರದು.

ಸಭೆ ನಡೆಸುವುದು, ಹಿಂದೆ ಸರಿಯುವುದು

ಅನುವುಗಾರಿಕೆಯನ್ನು ಸಭೆಗಳಲ್ಲಿ ಕುಳಿತೇ ಕಲಿಯಬೇಕು. ಮೊದಲ ಆರು ತಿಂಗಳು ಅನುಭವಿಗಳ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಯಾರು ಎಷ್ಟು ಸಲ ಮಾತಾಡಿದರು, ಯಾರ ಮಾತನ್ನು ಯಾರು ತುಂಡರಿಸಿದರು ಎಂದು ಗುರುತು ಹಾಕಿಕೊಳ್ಳಿ. ನೀವೇ ನಡೆಸುವ ದಿನ ಬಂದಾಗ ಕುರ್ಚಿ ಬೇಡ. ಎಲ್ಲರ ಜೊತೆ ಚಾಪೆಯ ಮೇಲೆ ಕೂರಿ. ಪ್ರಶ್ನೆ ಕೇಳಿದ ಮೇಲೆ ಮೌನವಾದರೆ ಆ ಮೌನವನ್ನು ನೀವು ತುಂಬಬೇಡಿ. ಊರ ಗೌಡರೋ ಪಂಚಾಯಿತಿ ಸದಸ್ಯರೋ ಎಲ್ಲದಕ್ಕೂ ಉತ್ತರಿಸುತ್ತಿದ್ದರೆ ಅವರಿಗೆ ಗೌರವ ಸಲ್ಲಿಸಿಯೇ, ಐದೈದು ಜನರ ಗುಂಪು ಮಾಡಿ ಬೇರೆಬೇರೆ ಕೂರಿಸಿ ಆಮೇಲೆ ಒಟ್ಟಿಗೆ ಸೇರಿಸಿ. ತೀರ್ಮಾನವಾದದ್ದನ್ನು ಅಲ್ಲೇ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ.

2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ಇಲ್ಲಿ ಒಳ್ಳೆಯ ಪಾಠ. ಸಮುದಾಯವೇ ಯೋಜನೆ ಹಾಕಿ ಕಾಮಗಾರಿ ನಡೆಸುವ ಕ್ರಮ ಅದರದು. ಬದು, ಕೃಷಿಹೊಂಡ, ಚೆಕ್‌ಡ್ಯಾಮ್ ಕಟ್ಟುವುದು ಸುಲಭ. ಹೂಳು ತೆಗೆಸುವವರು ಯಾರು ಎಂಬುದು ಹಣ ಮುಗಿದ ಮರುವರ್ಷದ ಪ್ರಶ್ನೆ. ಆದ್ದರಿಂದ ಯಾವ ಸಂಘವನ್ನು ಕಟ್ಟಿದರೂ ಲೆಕ್ಕಪುಸ್ತಕವನ್ನು ಮೊದಲ ತಿಂಗಳಿನಿಂದ ಸಂಘದವರೇ ಬರೆಯಲಿ, ತಪ್ಪಾದರೂ ಬರೆಯಲಿ. ನೀವು ಬರೆದುಕೊಟ್ಟ ಲೆಕ್ಕ ನೀವು ಹೋದ ದಿನ ನಿಲ್ಲುತ್ತದೆ. ಸಂಘದ ಬೇಡಿಕೆಗಳನ್ನು ಗ್ರಾಮಸಭೆಗೆ ಒಯ್ದು ಉದ್ಯೋಗ ಖಾತರಿಯ ಕ್ರಿಯಾಯೋಜನೆಗೆ ಸೇರಿಸುವ ದಾರಿಯನ್ನು ಅವರಿಗೆ ಕಲಿಸಿ; ಯೋಜನೆಗಳು ಬಂದುಹೋಗುತ್ತವೆ, ಪಂಚಾಯಿತಿ ಅಲ್ಲೇ ಇರುತ್ತದೆ.

ಕೆಲಸಕ್ಕೆ ಸೇರುವಾಗ

ಹುದ್ದೆಗಳು ನಾಲ್ಕು ಬಗೆ. ಸರ್ಕಾರದಲ್ಲಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮುಖ್ಯಸ್ಥರ ಜೊತೆ ಆರು ಜನ ವಿಷಯ ತಜ್ಞರ ಹುದ್ದೆಗಳಿರುತ್ತವೆ. ರೈತರ ಹೊಲದಲ್ಲಿ ತಂತ್ರಜ್ಞಾನ ಪರೀಕ್ಷಿಸುವುದು ಅವುಗಳ ಕರ್ತವ್ಯವೇ ಆಗಿರುವುದರಿಂದ ಸಹಭಾಗಿ ಸಂಶೋಧನೆಗೆ ಅಲ್ಲಿ ಒಳ್ಳೆಯ ಅವಕಾಶವಿದೆ. ಮೂರನೆಯದು ಸ್ವಯಂಸೇವಾ ಸಂಸ್ಥೆಗಳು. ನಾಲ್ಕನೆಯದು ರೈತರೇ ಷೇರುದಾರರಾಗಿ ಒಟ್ಟಿಗೆ ಕೊಂಡು ಮಾರುವ ರೈತ ಉತ್ಪಾದಕ ಸಂಸ್ಥೆಗಳು: 2020ರಲ್ಲಿ ಕೇಂದ್ರ ಸರ್ಕಾರ 10,000 ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆ ಆರಂಭಿಸಿದ ಮೇಲೆ ವ್ಯವಸ್ಥಾಪಕರಿಗೆ ಬೇಡಿಕೆ ಬಂದಿದೆ. ಷೇರು, ಜಿಎಸ್‌ಟಿ, ದಾಸ್ತಾನು, ಮಾರುಕಟ್ಟೆ ತಿಳಿದ, ಜನರೊಂದಿಗೂ ಬೆರೆಯಬಲ್ಲವರು ಬಹಳ ವಿರಳ. ರೈತರು ಪರಸ್ಪರರ ಹೊಲ ಪರಿಶೀಲಿಸಿ ಸಾವಯವವೆಂದು ದೃಢೀಕರಿಸುವ ಪಿಜಿಎಸ್ ವ್ಯವಸ್ಥೆಯ ದಾಖಲೆ ಕೆಲಸ ಬಲ್ಲವರಿಗೂ ಇಲ್ಲಿ ಜಾಗವಿದೆ.

ಸ್ವಯಂಸೇವಾ ಸಂಸ್ಥೆಯ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಯೋಜನೆಯ ಹಣ ಎಷ್ಟು ವರ್ಷಕ್ಕಿದೆ? ಮುಗಿದ ಮೇಲೆ ಸಿಬ್ಬಂದಿಯ ಗತಿಯೇನು? ಭವಿಷ್ಯನಿಧಿ, ಆರೋಗ್ಯ ವಿಮೆ, ಬೈಕಿನ ಪೆಟ್ರೋಲ್ ಖರ್ಚು ಕೊಡುತ್ತಾರೆಯೇ? ಒಬ್ಬರಿಗೆ ಎಷ್ಟು ಊರು? ಹೆಣ್ಣುಮಕ್ಕಳಾದರೆ, ಸಂಜೆ ಸಭೆ ಮುಗಿದ ಮೇಲೆ ಹಿಂತಿರುಗುವ ವ್ಯವಸ್ಥೆಯೇನು, ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇದೆಯೇ? ಇವನ್ನು ಕೇಳುವುದರಿಂದ ಸೇವಾಭಾವಕ್ಕೆ ಕುಂದಾಗುವುದಿಲ್ಲ. ಮೂರು ವರ್ಷಕ್ಕೊಮ್ಮೆ ಯೋಜನೆ ಮುಗಿದು ಕೆಲಸ ಕಳೆದುಕೊಂಡ ಸಮರ್ಥ ಕಾರ್ಯಕರ್ತರು ಈ ಕ್ಷೇತ್ರವನ್ನೇ ಬಿಟ್ಟುಹೋದದ್ದನ್ನು ನೋಡಿ ನನಗೆ ನೋವಾಗಿದೆ. ಅವರೊಂದಿಗೆ ಊರುಗಳ ನೆನಪೂ ಹೋಯಿತು. ಆರು ತಿಂಗಳ ಖರ್ಚಿನಷ್ಟು ಉಳಿತಾಯ ಇಟ್ಟುಕೊಳ್ಳುವುದನ್ನು ಮೊದಲ ಸಂಬಳದಿಂದಲೇ ಶುರುಮಾಡಿ.

ಬರವಣಿಗೆಯನ್ನು ಕನ್ನಡದಲ್ಲಿ ರೂಢಿಸಿಕೊಳ್ಳಿ. ದಾನಿಗಳ ವರದಿಗೆ ಇಂಗ್ಲಿಷ್ ಬೇಕು, ಅದನ್ನೂ ಕಲಿಯಿರಿ. ಆದರೆ ಊರಿನವರು ಓದಿ ತಿದ್ದಲಾಗದ ದಾಖಲೆ ಅರ್ಧ ದಾಖಲೆ. 1988ರಿಂದ ರೈತರ ಕೈಗೇ ಲೇಖನಿ ಕೊಟ್ಟು ಬರೆಸುತ್ತಿರುವ ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆಗಳನ್ನು ಓದಿದರೆ ಒಂದು ಹೊಲದ ಅನುಭವವನ್ನು ಖರ್ಚು, ಅಳತೆ, ಸೋಲು ಸಹಿತ ಹೇಗೆ ಹೇಳಬೇಕೆಂದು ತಿಳಿಯುತ್ತದೆ.

ಈ ವರ್ಷವೇ ಆರಂಭಿಸುವುದಾದರೆ ಯುಗಾದಿಯ ಹೊತ್ತಿಗೆ ಊರನ್ನು ಆರಿಸಿ, ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ. ಮಳೆಮಾಪಕ, ತಕ್ಕಡಿ, 100 ಅಡಿಯ ಟೇಪು, ನೋಟುಪುಸ್ತಕ ಇಷ್ಟು ಸಾಕು. ಅಶ್ವಿನಿ ಹುಟ್ಟುವ ಮೊದಲು ಮಾಪಕವನ್ನು ಮರ, ಮಾಡುಗಳಿಂದ ದೂರದ ಬಯಲಿನಲ್ಲಿ ನೆಟ್ಟು, ಮೊದಲ ಮಳೆಯ ಮರುಬೆಳಿಗ್ಗೆ ಅದನ್ನು ಓದುವಾಗ ಪಕ್ಕದ ಹೊಲದವರನ್ನೂ ಕರೆಯಿರಿ.